ಡಿಶ್‌ವಾಶರ್ ಮುಂದೆ ನೀರು ನಿಲ್ಲುತ್ತಿದೆ, ಬಾಗಿಲ ರಬ್ಬರ್ ಬದಲಿಸಿದರೂ ಹೋಗಿಲ್ಲ

ಬೆಳದಿಂಗಳು:
ಎಲ್ಲರಿಗೂ ನಮಸ್ಕಾರ. ನಮ್ಮ ಡಿಶ್‌ವಾಶರ್ ಸೋರುತ್ತಿದೆ. ಪಾತ್ರೆ ತೊಳೆದು ಮುಗಿಯುವ ಹೊತ್ತಿಗೆ ಮುಂದಿನ ಎಡಮೂಲೆಯಲ್ಲಿ ಅಂಗೈ ಅಗಲದಷ್ಟು ನೀರು ನಿಂತಿರುತ್ತದೆ. ಕೆಲವು ಸಲ ಅದಕ್ಕಿಂತ ಜಾಸ್ತಿ. ಪಕ್ಕದ ಕಪಾಟಿನ ಪ್ಲೈವುಡ್ ಆಗಲೇ ಉಬ್ಬೋಕೆ ಶುರುವಾಗಿದೆ, ನನಗೆ ಅದೇ ಚಿಂತೆ.

ಬಾಗಿಲ ಸುತ್ತಲಿನ ರಬ್ಬರ್ ಗಟ್ಟಿಯಾಗಿತ್ತು. ನೋಡಿದವರೆಲ್ಲ ಅದೇ ಕಾರಣ ಅಂದರು. ಹೊಸದು ಹಾಕಿಸಿದೆವು. ಸೋರುವುದು ಸ್ವಲ್ಪವೂ ಕಡಿಮೆ ಆಗಿಲ್ಲ. ಯಂತ್ರ ನಡುವೆ ನಿಲ್ಲುವುದಿಲ್ಲ, ಎರರ್ ಕೋಡ್ ಏನೂ ಬರುವುದಿಲ್ಲ. ಇದಕ್ಕೆ ಸಂಬಂಧ ಇದೆಯೋ ಇಲ್ಲವೋ, ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಮೇಲಿನ ಬುಟ್ಟಿಯ ಲೋಟಗಳು ಫಳಫಳ ಅಂತ ಬರುತ್ತವೆ. ಕೆಳಗಿನ ತಟ್ಟೆಗಳಲ್ಲಿ ಮಾತ್ರ ಈಚೆಗೆ ಜಿಡ್ಡು ಉಳಿಯುತ್ತಿದೆ.

ಮನೆಯಲ್ಲೇ ಪತ್ತೆ ಹಚ್ಚೋಕೆ ಆಗುತ್ತಾ? ಸ್ಕ್ರೂಡ್ರೈವರ್, ಪಾನಾ ಹಿಡಿದು ಸಣ್ಣಪುಟ್ಟ ಕೆಲಸ ಮಾಡಿ ಅಭ್ಯಾಸ ಇದೆ.

ನೀಲಿಹಕ್ಕಿ:
ರಬ್ಬರ್ ಹೊಸದಾದರೂ ಸರಿಯಾಗಿ ಕೂತಿದೆಯಾ ನೋಡಿ ಮೇಡಂ. ಬಾಗಿಲ ಮೇಲ್ಭಾಗ ಮತ್ತು ಎರಡು ಪಕ್ಕಕ್ಕೆ ಬರುವ ರಬ್ಬರ್ ಒಂದು. ಬಾಗಿಲ ಕೆಳ ಅಂಚಿಗೆ ಬರುವ ಪಟ್ಟಿ ಬೇರೆಯದೇ. ತುಂಬಾ ಜನ ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಕೆಳಗಿನ ಪಟ್ಟಿಯ ಹಿಂದೆ ಮುಸುರೆ ಸೇರಿಕೊಂಡು ಕರ್ರಗೆ ಗಟ್ಟಿಯಾಗಿರುತ್ತದೆ. ಅಲ್ಲಿಂದ ನೀರು ಜಿನುಗುತ್ತದೆ.

ಅದೂ ಸರಿಯಿದ್ದರೆ ಮೂಲೆಗೆ ಸ್ವಲ್ಪ ಸಿಲಿಕೋನ್ ಹಚ್ಚಿಬಿಡಿ.

ಪಾನಾಪೆಟ್ಟಿಗೆ:
ದಯವಿಟ್ಟು ಸಿಲಿಕೋನ್ ಹಚ್ಚಬೇಡಿ. ನಾನು ಇದೇ ರಿಪೇರಿ ಕೆಲಸ ಮಾಡುವವನು. ಒಳಗೆ ನೀರು 70 ಡಿಗ್ರಿವರೆಗೆ ಬಿಸಿಯಾಗುತ್ತದೆ, ಮೇಲಿಂದ ತೊಳೆಯುವ ಪುಡಿಯ ಕ್ಷಾರ. ಬಾಗಿಲೋ ದಿನಾ ತೆಗೆದು ಹಾಕುವ ಭಾಗ. ಅಲ್ಲಿ ಹಚ್ಚಿದ ಸಿಲಿಕೋನ್ ಸ್ವಲ್ಪ ದಿನಕ್ಕೆ ಸಿಪ್ಪೆಯ ಹಾಗೆ ಏಳುತ್ತದೆ. ಎದ್ದ ಚೂರು ಫಿಲ್ಟರ್‌ಗೆ, ಪಂಪಿಗೆ ಹೋಗುತ್ತದೆ. ಆಮೇಲೆ ಹೊಸ ರಬ್ಬರ್ ತಂದರೂ ಅದರ ಸಂದಿಯಲ್ಲಿ ಕೂರುವುದಿಲ್ಲ.

ನೀಲಿಹಕ್ಕಿ ಅವರು ಹೇಳಿದ ಕೆಳಪಟ್ಟಿಯ ಮಾತು ಮಾತ್ರ ಸರಿ. ಬಾಗಿಲು ಪೂರ್ತಿ ಇಳಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷು, ಬಿಸಿನೀರು ಹಿಡಿದು ಅದನ್ನು ತಿಕ್ಕಿ ತೆಗೆಯಿರಿ.

ಆದರೆ ಮೇಡಂ, ಯಾವ ಭಾಗ ಬದಲಿಸಬೇಕು ಅನ್ನುವುದು ಆಮೇಲಿನ ಮಾತು. ಮೊದಲು ಯಾವ ಹಂತದಲ್ಲಿ ಸೋರುತ್ತದೆ ಅಂತ ಗೊತ್ತಾಗಬೇಕು. ಹಂಚಿನ ಮನೆ ಸೋರಿದಾಗ ಹನಿ ಬೀಳುವುದು ಒಂದು ಕಡೆ, ಒಡೆದ ಹಂಚು ಇನ್ನೊಂದು ಕಡೆ ಇರುತ್ತದಲ್ಲ, ಇಲ್ಲೂ ಹಾಗೆಯೇ. ನೀರು ಯಂತ್ರದ ಅಡಿಯಲ್ಲಿ ಇಳಿಜಾರು ಹುಡುಕಿಕೊಂಡು ಬಂದು ಎಡಮೂಲೆಯಲ್ಲಿ ನಿಂತಿರಬಹುದು. ನಿಂತ ಜಾಗ ನೋಡಿ ಏನೂ ಹೇಳೋಕಾಗದು. ಹೊತ್ತು ನೋಡಿದರೆ ತುಂಬಾ ಹೇಳಬಹುದು.

ಯಂತ್ರ ಮಾಡುವ ಕೆಲಸ ಇಷ್ಟೇ. ನಲ್ಲಿಯಿಂದ ನೀರು ತೆಗೆದುಕೊಳ್ಳುತ್ತದೆ, ಒಂದು ಸಲಕ್ಕೆ ಸುಮಾರು 3-4 ಲೀಟರ್. ಆ ನೀರನ್ನೇ ಪಂಪು ಮತ್ತೆ ಮತ್ತೆ ಮೇಲೆತ್ತಿ, ತಿರುಗುವ ತೋಳುಗಳ ತೂತಿನಿಂದ ಚಿಮ್ಮಿಸುತ್ತದೆ. ಆಮೇಲೆ ಹೊರಗೆ ಹಾಕಿ ಹೊಸ ನೀರು ತೆಗೆದುಕೊಳ್ಳುತ್ತದೆ. ಹೀಗೇ ಕೆಲವು ಸುತ್ತು.

ನೀರು ತುಂಬುವಾಗಲೇ ಸೋರಿದರೆ ಒಳಬರುವ ಪೈಪು, ಅದರ ವಾಷರ್, ಇಲ್ಲವೇ ನೀರು ಒಳಗೆ ಬಿಟ್ಟು ನಿಲ್ಲಿಸುವ ವಾಲ್ವ್. ತೊಳೆಯುವಾಗ ಮಾತ್ರ ಸೋರಿದರೆ ಬಾಗಿಲು, ತಿರುಗುವ ತೋಳು, ಅಡಿಯಲ್ಲಿ ನೀರು ಸೇರುವ ಗುಂಡಿಯ ರಬ್ಬರ್ ಅಥವಾ ಪಂಪಿನ ಸೀಲ್. ನೀರು ಹೊರಹಾಕುವಾಗ ಸೋರಿದರೆ ಡ್ರೈನ್ ಪೈಪು ಮತ್ತು ಸಿಂಕ್ ಕೆಳಗಿನ ಜಾಯಿಂಟ್. ಯಂತ್ರ ಆಫ್ ಆಗಿ ಗಂಟೆಗಟ್ಟಲೆ ಸುಮ್ನೆ ಇದ್ದಾಗಲೂ ಒದ್ದೆಯಾದರೆ ವಾಲ್ವ್‌ವರೆಗಿನ ದಾರಿಯಲ್ಲೇ ದೋಷ ಇದೆ.

ಹೀಗೆ ಮಾಡಿ. ಮೊದಲು ಪ್ಲಗ್ ತೆಗೆಯಿರಿ. ಬಾಗಿಲ ಕೆಳಗೆ ನೆಲದ ಹತ್ತಿರ ಇರುವ ಅಡ್ಡಪಟ್ಟಿಯನ್ನು ಸಾಮಾನ್ಯವಾಗಿ ಒಂದೆರಡು ಸ್ಕ್ರೂ ಹಿಡಿದಿರುತ್ತವೆ, ಅದನ್ನು ಬಿಚ್ಚಿ. ಒಳಗೆ ಕೈ ಹಾಕುವುದಿದ್ದರೆ ಗ್ಲೌಸ್ ಬೇಕು, ತಗಡಿನ ಅಂಚು ಹರಿತ. ನೆಲ ಒರೆಸಿ ಒಣ ಪೇಪರ್ ಹಾಸಿ, ಮುಂದೆ, ಎರಡೂ ಪಕ್ಕ, ಕೈ ಹೋದಷ್ಟು ಒಳಗೆ. ಆಮೇಲೆ ಪ್ಲಗ್ ಹಾಕಿ ಖಾಲಿ ಯಂತ್ರ ಓಡಿಸಿ. ಪ್ರತಿ ಹಂತಕ್ಕೂ ಟಾರ್ಚ್ ಬಿಟ್ಟು ಪೇಪರ್ ನೋಡಿ. ಓಡುವಾಗ ಒಳಗೆ ಕೈ ಹಾಕಬೇಡಿ, ಕಣ್ಣು ಸಾಕು. ಮೊದಲು ಎಲ್ಲಿ ಮಚ್ಚೆ ಬಿತ್ತು ಅನ್ನುವುದು ಮುಖ್ಯ, ಕೊನೆಗೆ ಎಷ್ಟು ಒದ್ದೆಯಾಯಿತು ಅನ್ನುವುದಲ್ಲ.

ಹಳೆಮರ:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಬಾಗಿಲ ಕಡೆಯಿಂದ ಬರುವ ನೀರಿಗೆ ನೊರೆ ಕಾರಣ ಇರಬಹುದು. ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪವೇ ಒಳಗೆ ಹೋದರೂ ನೊರೆ ಉಕ್ಕಿ ಬಾಗಿಲ ಸಂದಿಯಿಂದ ಹೊರಬರುತ್ತದೆ. ಮುಸುರೆ ಪಾತ್ರೆಯನ್ನು ಸಿಂಕಿನಲ್ಲಿ ಲಿಕ್ವಿಡ್ ಹಾಕಿ ನೆನೆಸಿಟ್ಟು, ತೊಳೆಯದೆ ಹಾಗೇ ಯಂತ್ರಕ್ಕೆ ಹಾಕಿದರೂ ಇದೇ ಗತಿ. ರಿನ್ಸ್ ಏಡ್ (ಪಾತ್ರೆ ಕಲೆಯಿಲ್ಲದೆ ಒಣಗಲು ಕೊನೆಯಲ್ಲಿ ಬೀಳುವ ದ್ರವ) ಅಳತೆ ಜಾಸ್ತಿ ಇಟ್ಟಿದ್ದರೆ, ಅದರ ಮುಚ್ಚಳ ಸರಿಯಾಗಿ ಕೂತಿಲ್ಲದಿದ್ದರೆ ಕೂಡ. ಗಡಸು ನೀರನ್ನು ಮೆದು ಮಾಡುವ ಉಪ್ಪಿನ ಡಬ್ಬಿ ಇರುವ ಯಂತ್ರವಾದರೆ ಅದರ ಮುಚ್ಚಳವನ್ನೂ ಒಮ್ಮೆ ಬಿಗಿ ಮಾಡಿ ನೋಡಿ. ಓಡುವಾಗ ನಡುವೆ ನಿಲ್ಲಿಸಿ, ಒಂದು ನಿಮಿಷ ಬಿಟ್ಟು ಬಾಗಿಲು ತೆಗೆಯಿರಿ. ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ, ಹುಷಾರು. ಕೆಳಗೆ ನೊರೆ ದಪ್ಪಗೆ ಕೂತಿದ್ದರೆ ಕಾರಣ ಅದೇ.

ಮತ್ತೆ ರಸಮಟ್ಟ ಇಟ್ಟು ನೋಡಿದ್ದೀರಾ? ಯಂತ್ರ ಮುಂದಕ್ಕೆ ವಾಲಿದ್ದರೆ ನೀರು ಬಾಗಿಲ ಅಂಚಿಗೇ ಬಂದು ನಿಲ್ಲುತ್ತದೆ. ಮುಂದಿನ ಕಾಲುಗಳನ್ನು ತಿರುಗಿಸಿ ಎತ್ತರ ಸರಿ ಮಾಡಬಹುದು.

ಕಿಟಕಿ:
ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮದು ಬೇರೆ ಕಥೆ. ನೆಲದ ಮೇಲೆ ನೀರೇ ಇಲ್ಲ. ಆದರೆ ಯಂತ್ರ ಆನ್ ಮಾಡಿದ ಕೂಡಲೇ ಒಂದು ಕೋಡ್ ತೋರಿಸಿ ಗುಂಯ್ ಅಂತ ಪಂಪು ಓಡಿಸುತ್ತಲೇ ಇರುತ್ತದೆ. ನೀರು ತೆಗೆದುಕೊಳ್ಳುವುದೇ ಇಲ್ಲ. ಇದೂ ಸೋರುವುದಕ್ಕೆ ಸಂಬಂಧಪಟ್ಟದ್ದಾ?

ಪಾನಾಪೆಟ್ಟಿಗೆ:
ಹೌದು, ನಿಮ್ಮದೂ ಸೋರುತ್ತಿದೆ. ನಿಮಗೆ ಕಾಣುತ್ತಿಲ್ಲ ಅಷ್ಟೇ.

ತುಂಬಾ ಯಂತ್ರಗಳ ತಳದಲ್ಲಿ ಒಂದು ತಟ್ಟೆ ಇರುತ್ತದೆ. ಒಳಗೆ ಎಲ್ಲೇ ಸೋರಿದರೂ ನೀರು ಅದರಲ್ಲಿ ಸೇರುತ್ತದೆ. ತಟ್ಟೆಯಲ್ಲಿ ಥರ್ಮೋಕೋಲಿನ ಒಂದು ತುಂಡು ಇರುತ್ತದೆ. ನೀರು ಏರಿದರೆ ಅದು ತೇಲಿ ಸ್ವಿಚ್ ಒತ್ತುತ್ತದೆ. ಆಗ ಯಂತ್ರ ನೀರು ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಇರುವ ನೀರನ್ನು ಹೊರಹಾಕುವ ಪಂಪು ಓಡಿಸುತ್ತದೆ. ಬಾಷ್, ಸೀಮೆನ್ಸ್ ಯಂತ್ರಗಳಲ್ಲಿ ಇದಕ್ಕೆ ಇ15 ಅಂತ ಬರುತ್ತದೆ. ಎಲೆಕ್ಟ್ರೋಲಕ್ಸ್, ಎಇಜಿಯಲ್ಲಿ ಐ30. ನಿಮ್ಮದರ ಕೈಪಿಡಿ ನೋಡಿ, ಅರ್ಥ ಇದೇ ಇರಬಹುದು.

ಪ್ಲಗ್ ತೆಗೆದು, ನಲ್ಲಿ ಬಂದ್ ಮಾಡಿ, ಅಡ್ಡಪಟ್ಟಿ ಬಿಚ್ಚಿ ಸ್ಪಂಜಿನಲ್ಲಿ ತಟ್ಟೆಯ ನೀರು ಹೀರಿ ತೆಗೆಯಿರಿ. ಕೈ ಹೋಗದಿದ್ದರೆ ಇಬ್ಬರು ಹಿಡಿದು ಯಂತ್ರವನ್ನು ಸ್ವಲ್ಪ ವಾಲಿಸಿದರೆ ಅಂಚಿನಿಂದ ಇಳಿದುಬರುತ್ತದೆ. ಪೂರ್ತಿ ಮಲಗಿಸಬೇಡಿ. ನೀರು ತೆಗೆದರೆ ಕೋಡ್ ಹೋಗುತ್ತದೆ, ಯಂತ್ರವೂ ಓಡುತ್ತದೆ. ಇಲ್ಲಿಗೆ ರಿಪೇರಿ ಆಯಿತು ಅಂತ ತಿಳಿದುಬಿಡುವವರೇ ಜಾಸ್ತಿ. ತಟ್ಟೆಗೆ ನೀರು ಎಲ್ಲಿಂದ ಬಂತು ಅನ್ನುವುದು ಹಾಗೇ ಉಳಿದಿರುತ್ತದೆ. ಅದನ್ನೂ ಹುಡುಕಲೇಬೇಕು.

ಬೆಳದಿಂಗಳು:
ಹೇಳಿದ ಹಾಗೆಯೇ ಪೇಪರ್ ಹಾಸಿ ನೋಡಿದೆ. ನೀರು ತುಂಬುವಾಗ ಪೂರ್ತಿ ಒಣ. ತೊಳೆಯೋಕೆ ಶುರುವಾಗಿ ಸ್ವಲ್ಪ ಹೊತ್ತಿಗೇ ಎಡಗಡೆ, ಬಾಗಿಲ ನೇರ ಕೆಳಗೆ, ಮೊದಲ ಮಚ್ಚೆ ಬಿತ್ತು. ಒಳಗಿನ ಪೇಪರ್ ಕೊನೆಯವರೆಗೂ ಒಣಗಿಯೇ ಇತ್ತು. ನೀರು ಹೊರಹಾಕುವಾಗ ಮಚ್ಚೆ ಬೆಳೆಯಲಿಲ್ಲ. ರಾತ್ರಿಯಿಡೀ ಆಫ್ ಮಾಡಿಟ್ಟಾಗ ಏನೂ ಇಲ್ಲ.

ನಡುವೆ ತೆಗೆದು ನೋಡಿದೆ, ನೊರೆ ಇಲ್ಲ. ರಸಮಟ್ಟದಲ್ಲಿ ಗುಳ್ಳೆ ನಡುವೆಯೇ ನಿಂತಿತು. ಕೆಳಪಟ್ಟಿ ತಿಕ್ಕಿ ತೊಳೆದೆ. ಕೊಳೆ ಬಂತು ನಿಜ, ಆದರೆ ಪಟ್ಟಿ ಮೆತ್ತಗಿದೆ, ಎಲ್ಲೂ ಹರಿದಿಲ್ಲ. ಒಂದು ವಿಚಿತ್ರ ಕೇಳಿಸಿತು. ಬಾಗಿಲಿಗೆ ಕಿವಿ ಇಟ್ಟರೆ ಒಳಗೆ ಕೆಳಗಡೆ ಟಪ್... ಟಪ್... ಅಂತ ಬಾಗಿಲಿಗೇ ಹೊಡೆದ ಹಾಗೆ ನೀರಿನ ಸದ್ದು. ಮೊದಲು ಹೀಗಿತ್ತಾ ಅಂತ ಗಮನಿಸಿರಲಿಲ್ಲ.

ಮುಂಜಾವು:
ತೊಳೆಯುವಾಗ ಮಾತ್ರ ಸೋರುತ್ತದೆ ಅಂದರೆ ಪಂಪಿನ ಸೀಲ್ ಯಾಕಾಗಬಾರದು? ನಮ್ಮ ಮನೆಯದರಲ್ಲಿ ಅದೇ ಆಗಿತ್ತು. ಪಂಪಿನ ಕೆಳಗೆ ಬಿಳಿ ಸುಣ್ಣದ ಗೆರೆ ಇಳಿದು ಒಣಗಿತ್ತು. ಅದನ್ನು ನೋಡಿಯೇ ಗೊತ್ತಾಗಿದ್ದು. ಸದ್ದೂ ಬದಲಾಗಿತ್ತು, ಕಿರ್ ಅಂತ ಉಜ್ಜುವ ಸದ್ದು.

ಪಾನಾಪೆಟ್ಟಿಗೆ:
ಕೇಳಬೇಕಾದ ಪ್ರಶ್ನೆಯೇ. ಪಂಪಿನ ಸೀಲ್ ಹೋದರೆ ನೀರು ಯಂತ್ರದ ನಡುವೆ, ತಳದ ತಟ್ಟೆಗೆ ಬೀಳುತ್ತದೆ. ಬೆಳದಿಂಗಳು ಅವರ ಯಂತ್ರದಲ್ಲಿ ಒಳಗಿನ ಪೇಪರ್ ಒಣಗಿದೆ, ಕೋಡ್ ಬಂದಿಲ್ಲ, ಮೊದಲ ಮಚ್ಚೆ ಬಾಗಿಲ ನೇರ ಕೆಳಗೆ. ಅಂದರೆ ನೀರು ತಟ್ಟೆಗೆ ಬೀಳದೆ ಬಾಗಿಲ ಅಂಚಿನಿಂದ ನೇರ ಹೊರಗೆ ಬರುತ್ತಿದೆ. ಕೋಡ್ ಒಂದನ್ನೇ ನಂಬುವ ಹಾಗಿಲ್ಲ. ಎಲ್ಲ ಯಂತ್ರಕ್ಕೂ ಆ ತಟ್ಟೆ, ಸ್ವಿಚ್ ಇರುವುದಿಲ್ಲ. ಇದ್ದರೂ ಸಣ್ಣಗೆ ಜಿನುಗಿದ ನೀರು ಅಲ್ಲೇ ಆರಿಹೋಗಬಹುದು. ಇಲ್ಲಿ ಪೇಪರ್ ಕೂಡ ಅದನ್ನೇ ಹೇಳುತ್ತಿರುವುದರಿಂದ ಧೈರ್ಯವಾಗಿ ಬಾಗಿಲ ಕಡೆ ಹೋಗಬಹುದು.

ಬಾಗಿಲ ರಬ್ಬರ್ ಹೊಸದು, ಕೆಳಪಟ್ಟಿ ಚೆನ್ನಾಗಿದೆ, ನೊರೆ ಇಲ್ಲ, ವಾಲಿಲ್ಲ. ಮೇಲಿನ ಲೋಟ ಚೆನ್ನಾಗಿ ಬರುತ್ತದೆ, ಕೆಳಗಿನ ತಟ್ಟೆ ಜಿಡ್ಡು. ಬಾಗಿಲಿಗೆ ನೀರು ಹೊಡೆಯುವ ಸದ್ದು ಬೇರೆ. ಮೇಡಂ, ನನ್ನ ಅನುಮಾನ ಪೂರ್ತಿ ಕೆಳಗಿನ ತಿರುಗುವ ತೋಳಿನ ಮೇಲೆ.

ತುಂಬಾ ಯಂತ್ರಗಳಲ್ಲಿ ಆ ತೋಳು ಎರಡು ಪ್ಲಾಸ್ಟಿಕ್ ಹೋಳು ಸೇರಿಸಿ ಮಾಡಿದ್ದು. ಒಳಗೆ ಪೊಳ್ಳು. ವರ್ಷಗಟ್ಟಲೆ ಬಿಸಿನೀರು ತಿಂದು ಆ ಬೆಸುಗೆ ಒಂದು ಕಡೆ ಬಾಯಿ ಬಿಡುತ್ತದೆ. ತೂತುಗಳಲ್ಲಿ ಸುಣ್ಣ, ಕಸ ಕಟ್ಟಿಕೊಂಡಿದ್ದರೆ ಬೇಗ ಬಿಡುತ್ತದೆ. ಆಗ ಮೇಲೆ ಚಿಮ್ಮಬೇಕಾದ ನೀರು ಪಕ್ಕಕ್ಕೆ ಚಿಮ್ಮುತ್ತದೆ. ತೋಳು ಒಂದು ಸುತ್ತು ಬಂದಾಗೆಲ್ಲ ಬಾಗಿಲಿಗೆ ಒಂದು ಏಟು. ನೀವು ಕೇಳಿದ ಟಪ್ ಟಪ್ ಅದೇ ಇರಬೇಕು. ಊಟದ ತಟ್ಟೆಗಳಿಗೆ ಹೋಗಬೇಕಾದ ಒತ್ತಡ ಪಕ್ಕಕ್ಕೆ ಹೋಗುವುದರಿಂದ ಜಿಡ್ಡು ಉಳಿಯುತ್ತದೆ.

ಬಾಗಿಲ ಕೆಳಪಟ್ಟಿಯ ಕೆಲಸ ಏನು ಅಂತಲೂ ತಿಳಿದಿರಲಿ. ಬಾಗಿಲ ಮೇಲಿಂದ ಇಳಿದುಬಂದ ನೀರನ್ನು ಒಳಗೆ ತಿರುಗಿಸುವುದು, ಸಿಡಿದ ಹನಿ ತಡೆಯುವುದು. ಎದುರಿನಿಂದ ಒತ್ತಡದಲ್ಲಿ ಬರುವ ಧಾರೆಯನ್ನು ಅದು ತಡೆಯಲಾರದು, ಎಷ್ಟೇ ಹೊಸದಿರಲಿ. ಅದರಲ್ಲೂ ಪಕ್ಕದ ರಬ್ಬರ್ ಮುಗಿದು ಕೆಳಪಟ್ಟಿ ಶುರುವಾಗುವ ಮೂಲೆ ಎಲ್ಲಕ್ಕಿಂತ ದುರ್ಬಲ. ರಬ್ಬರ್ ಬದಲಿಸಿದರೂ ನಿಮಗೆ ಫಲ ಸಿಗದಿದ್ದುದು ಇದಕ್ಕೇ ಇರಬೇಕು.

ಪರೀಕ್ಷೆ ಸುಲಭ. ಕೆಳಗಿನ ಬುಟ್ಟಿ ಹೊರಗೆಳೆಯಿರಿ. ತುಂಬಾ ಯಂತ್ರಗಳಲ್ಲಿ ತೋಳನ್ನು ನೇರ ಮೇಲಕ್ಕೆ ಎಳೆದರೆ ಕಳಚಿ ಬರುತ್ತದೆ. ಕೆಲವಕ್ಕೆ ನಡುವೆ ತಿರುಗಿಸಿ ಬಿಚ್ಚುವ ನಟ್ ಇರುತ್ತದೆ. ತೋಳನ್ನು ಸಿಂಕಿಗೆ ಒಯ್ದು, ತಿರುಗಿಸಿ ಹಿಡಿದು, ನಡುವಿನ ದೊಡ್ಡ ತೂತಿಗೆ ನಲ್ಲಿ ನೀರು ಬಿಡಿ. ಸಣ್ಣ ತೂತುಗಳಿಂದ ಮಾತ್ರ ನೀರು ಬರಬೇಕು. ಪಕ್ಕದ ಬೆಸುಗೆಯಿಂದ ಬಂದರೆ ಕಳ್ಳ ಸಿಕ್ಕ ಹಾಗೆಯೇ.

ಬೆಳದಿಂಗಳು:
ಸಿಕ್ಕಿತು ಸರ್!

ನೋಡೋಕೆ ತೋಳು ಚೆನ್ನಾಗಿಯೇ ಇತ್ತು. ಕೈಯಲ್ಲಿ ಹಿಡಿದಾಗ ಎಲ್ಲೂ ಬಿರುಕು ಕಾಣಲಿಲ್ಲ. ನಲ್ಲಿ ನೀರು ಬಿಟ್ಟಾಗ ಮೊದಲು ತೂತುಗಳಿಂದಲೇ ಬಂತು. ನಲ್ಲಿ ಪೂರ್ತಿ ತಿರುಗಿಸಿದೆ. ಆಗ ಒಂದು ತುದಿಯ ಹತ್ತಿರ, ಪಕ್ಕದ ಗೆರೆಯಲ್ಲಿ, ಹೆಬ್ಬೆರಳ ಉದ್ದಕ್ಕೆ ತೆಳ್ಳಗೆ ಹಾಳೆ ಹಾಳೆಯಾಗಿ ನೀರು ಅಡ್ಡಕ್ಕೆ ಚಿಮ್ಮಿತು. ಸಿಂಕಿನ ಗೋಡೆಗೆ ಹೊಡೆದು ನನ್ನ ತೋಳು ಒದ್ದೆಯಾಯಿತು. ನೀರು ನಿಲ್ಲಿಸಿ ಎರಡೂ ಹೆಬ್ಬೆರಳಿಂದ ಅಲ್ಲಿ ಒತ್ತಿ ಬಿಟ್ಟರೆ ಸಂದಿ ಬಾಯಿ ತೆರೆದು ಮುಚ್ಚಿಕೊಳ್ಳುತ್ತದೆ. ಆ ತುದಿಯ ತೂತುಗಳು ಬಿಳಿ ಸುಣ್ಣದಿಂದ ಅರ್ಧ ಮುಚ್ಚಿಹೋಗಿವೆ.

ಇದನ್ನು ಗಟ್ಟಿ ಅಂಟು ಹಾಕಿ ಕೂರಿಸಬಹುದಾ, ಅಥವಾ ಹೊಸದೇ ಬೇಕಾ?

ನೀಲಿಹಕ್ಕಿ:
ಸಿಲಿಕೋನ್ ಬಗ್ಗೆ ನಾನಿನ್ನು ಮಾತಾಡುವುದಿಲ್ಲ. ಆದರೆ ಎರಡು ಟ್ಯೂಬ್ ಬೆರೆಸಿ ಹಚ್ಚುವ ಎಪಾಕ್ಸಿ ಬಿಸಿ ತಡೆಯುತ್ತದೆ ಅಲ್ವಾ? ಪಾನಾಪೆಟ್ಟಿಗೆ ಸರ್ ಏನಂತೀರಿ?

ಪಾನಾಪೆಟ್ಟಿಗೆ:
ಹೊಸದೇ ಹಾಕಿ. ಊಟದ ಪಾತ್ರೆ ತೊಳೆಯುವ ನೀರು ಅದರೊಳಗಿಂದ ಹಾಯುತ್ತದೆ, ಅಲ್ಲಿ ಅಂಟು ಯಾಕೆ? ಇನ್ನೂ ಒಂದು ಕಾರಣ ಇದೆ. ತೋಳು ತಿರುಗುವುದು ಮೋಟರಿನಿಂದಲ್ಲ, ತನ್ನ ತೂತಿನಿಂದ ಚಿಮ್ಮುವ ನೀರಿನ ತಳ್ಳುವಿಕೆಯಿಂದಲೇ. ಒಂದು ಕಡೆ ಅಂಟಿನ ಭಾರ ಬಿದ್ದು, ಇನ್ನೊಂದು ಸಂದಿ ಸ್ವಲ್ಪ ಬಿಟ್ಟರೂ ತಿರುಗುವ ವೇಗ ಕೆಡುತ್ತದೆ. ಡಿಶ್‌ವಾಶರ್ ಭಾಗಗಳಲ್ಲಿ ಮನೆಯವರೇ ಸುಲಭವಾಗಿ ಬದಲಿಸಬಹುದಾದದ್ದು ಇದೊಂದು. ಹಳೆಯದು ತೆಗೆದ ಹಾಗೆಯೇ ಹೊಸದನ್ನು ಕೂರಿಸುವುದು, ಅಷ್ಟೇ.

ಕೊಳ್ಳುವಾಗ ಕಂಪನಿ ಹೆಸರು ಹೇಳಿದರೆ ಸಾಲದು. ಬಾಗಿಲು ತೆರೆದರೆ ಅದರ ಅಂಚಿನಲ್ಲಿ ಮಾಡೆಲ್ ನಂಬರ್ ಇರುವ ಚೀಟಿ ಅಂಟಿಸಿರುತ್ತಾರೆ. ಆ ನಂಬರ್ ಪೂರ್ತಿ ಕೊಡಿ. ಒಂದೇ ರೀತಿ ಕಾಣುವ ತೋಳುಗಳಲ್ಲಿ ನಡುವಿನ ಕೊಂಡಿ ಬೇರೆ ಬೇರೆ ಇರುತ್ತದೆ.

ಹೊಸದು ಹಾಕುವ ಮುಂಚೆ ಫಿಲ್ಟರ್ ತೆಗೆದು ತೊಳೆಯಿರಿ. ಫಿಲ್ಟರ್ ಸರಿಯಾಗಿ ಕೂತಿಲ್ಲದಿದ್ದರೆ ಕಸ ನೇರ ತೋಳಿನೊಳಗೆ ಹೋಗಿ ತೂತು ಕಟ್ಟುತ್ತದೆ. ಹಾಕಿದ ಮೇಲೆ ಬುಟ್ಟಿ ಒಳಗೆ ತಳ್ಳಿ, ತೋಳನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ. ಉದ್ದ ಚಮಚದ ಹಿಡಿ, ದೊಡ್ಡ ತಟ್ಟೆಯ ಅಂಚು ಕೆಳಗೆ ಇಳಿದು ತೋಳಿಗೆ ತಾಗುತ್ತಿದ್ದರೆ ಅದು ತಿರುಗದೆ ಒಂದೇ ಕಡೆ ನಿಲ್ಲುತ್ತದೆ. ಆಗಲೂ ನೀರು ಒಂದೇ ಜಾಗಕ್ಕೆ ಹೊಡೆದು ಬಾಗಿಲಿಂದ ಹೊರಬರಬಹುದು.

ಕಿಟಕಿ:
ನನ್ನದನ್ನೂ ಹೇಳಿಬಿಡುತ್ತೇನೆ. ತಟ್ಟೆಯ ನೀರು ಹೀರಿ ತೆಗೆದೆ, ಕೋಡ್ ಹೋಯಿತು. ಆಮೇಲೆ ಯಂತ್ರ ಆಫ್ ಇದ್ದಾಗ ನಲ್ಲಿ ತೆರೆದಿಟ್ಟು, ಒಳಗೆ ಟಾರ್ಚ್ ಬಿಟ್ಟು ನೋಡಿದೆ. ನೀರು ಬರುವ ಪೈಪು ವಾಲ್ವ್‌ಗೆ ಸೇರುವಲ್ಲಿ ಒಂದು ಹನಿ ಊದಿಕೊಂಡು, ಬಿದ್ದು, ಮತ್ತೆ ಊದಿಕೊಳ್ಳುತ್ತಿತ್ತು. ಟಿಶ್ಯೂ ತುದಿ ತಾಗಿಸಿದರೆ ತಕ್ಷಣ ಒದ್ದೆ. ಪೈಪನ್ನೇ ಬದಲಿಸೋಣ ಅಂದುಕೊಂಡಿದ್ದೇನೆ. ಆದರೆ ಇದರ ನಲ್ಲಿ ತುದಿಯಲ್ಲಿ ಪ್ಲಾಸ್ಟಿಕ್‌ನ ದಪ್ಪ ಪೆಟ್ಟಿಗೆ ಥರ ಏನೋ ಇದೆ. ಉದ್ದ ಜಾಸ್ತಿ ಇರುವುದರಿಂದ ಕತ್ತರಿಸಿ ಸಣ್ಣದು ಮಾಡಿಕೊಳ್ಳಬಹುದಾ?

ಪಾನಾಪೆಟ್ಟಿಗೆ:
ಬೇಡವೇ ಬೇಡ! ಆ ಪೆಟ್ಟಿಗೆ ಇರುವ ಪೈಪು ಸಾಮಾನ್ಯ ಪೈಪಲ್ಲ. ಎರಡು ಪದರ ಇರುತ್ತದೆ, ಪೈಪು ಒಡೆದರೆ ನೀರನ್ನು ನಲ್ಲಿಯ ಹತ್ತಿರವೇ ನಿಲ್ಲಿಸುವ ವ್ಯವಸ್ಥೆ ಪೆಟ್ಟಿಗೆಯಲ್ಲಿದೆ. ಕೆಲವದರಲ್ಲಿ ಕರೆಂಟಿನಿಂದ ಕೆಲಸ ಮಾಡುವ ವಾಲ್ವ್ ಇದ್ದು, ಪೈಪಿನ ಜೊತೆಗೇ ವೈರ್ ಹೋಗಿರುತ್ತದೆ. ಕತ್ತರಿಸಿದರೆ ವೈರ್ ಕೂಡ ಕತ್ತರಿಸಿದಂತೆ. ಆ ಪೆಟ್ಟಿಗೆಯನ್ನು ನೀರಿನಲ್ಲಿ ಮುಳುಗಿಸಲೂ ಬಾರದು.

ಪೈಪು ಬದಲಿಸುವ ಮುಂಚೆ ಸೋರುತ್ತಿರುವ ಜಾಯಿಂಟ್ ಬಿಚ್ಚಿ ಒಳಗಿನ ವಾಷರ್ ನೋಡಿ. ಪ್ಲಗ್ ತೆಗೆದು, ನಲ್ಲಿ ಬಂದ್ ಮಾಡಿ, ಕೆಳಗೆ ಬೋಗುಣಿ ಇಟ್ಟುಕೊಳ್ಳಿ, ಪೈಪಿನಲ್ಲಿ ನೀರು ಉಳಿದಿರುತ್ತದೆ. ವಾಷರ್ ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ ಅದನ್ನೇ ಬದಲಿಸಿ. ಮರೆಯ (ತಿರುಪಿನ ಗೆರೆಗಳ) ಮೇಲೆ ಸುಣ್ಣ ಇದ್ದರೆ ಒರೆಸಿ ತೆಗೆಯಿರಿ. ಕೈಯಿಂದ ಬಿಗಿ ಮಾಡಿ, ಪಾನಾದಲ್ಲಿ ಕಾಲು ಸುತ್ತು ಮಾತ್ರ. ವಾಲ್ವ್‌ನ ಮರೆ ಪ್ಲಾಸ್ಟಿಕ್‌ನದು, ಜೋರಾಗಿ ತಿರುಗಿಸಿದರೆ ಸೀಳಿಹೋಗಿ ಹನಿ ಹೋಗಿ ಧಾರೆಯಾಗುತ್ತದೆ. ಅಷ್ಟಾದರೂ ಹನಿ ಬಿದ್ದರೆ ಬಿರುಕು ವಾಲ್ವ್‌ನಲ್ಲೇ ಇದೆ. ಅದಕ್ಕೆ ವೈರ್ ಜೋಡಣೆ ಇರುವುದರಿಂದ ಅಭ್ಯಾಸ ಇಲ್ಲದಿದ್ದರೆ ಮೆಕ್ಯಾನಿಕ್‌ನ ಕರೆಸಿ.

ಬೆಳದಿಂಗಳು:
ಹೊಸ ತೋಳು ಬಂತು, ಹಾಕಿದೆ. ಕೂರುವಾಗ ಟಕ್ ಅಂತ ಸದ್ದು ಬಂತು. ಮತ್ತೆ ಪೇಪರ್ ಹಾಸಿ, ಈ ಸಲ ಎಲ್ಲಕ್ಕಿಂತ ಬಿಸಿಯಾದ ಪ್ರೋಗ್ರಾಮಿಗೆ ಇಟ್ಟು ಪೂರ್ತಿ ಓಡಿಸಿದೆ. ಪೇಪರ್ ಪೂರ್ತಿ ಒಣ. ಬಾಗಿಲಿಗೆ ಕಿವಿ ಇಟ್ಟರೆ ಒಂದೇ ಸಮ ಮಳೆ ಸುರಿದ ಸದ್ದು, ಟಪ್ ಟಪ್ ಇಲ್ಲ. ತಟ್ಟೆಗಳ ಜಿಡ್ಡೂ ಹೋಯಿತು. ಪಾನಾಪೆಟ್ಟಿಗೆ ಸರ್, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆಯೇ. ಹಳೆಮರ ಸರ್, ಮುಂಜಾವು, ನೀಲಿಹಕ್ಕಿ, ನಿಮಗೂ.

ಎರಡು ಪ್ರಶ್ನೆ ಉಳಿದಿವೆ. ಮೇಲಿನ ತೋಳನ್ನೂ ಈಗಲೇ ಬದಲಿಸಿಬಿಡಲಾ? ಉಬ್ಬಿದ ಪ್ಲೈವುಡ್‌ಗೆ ಏನು ಮಾಡಲಿ?

ಹಳೆಮರ:
ಪ್ಲೈವುಡ್ ಬಗ್ಗೆ ನಾನು ಹೇಳುತ್ತೇನೆ. ಅಡ್ಡಪಟ್ಟಿ ಈಗಲೇ ಮುಚ್ಚಬೇಡಿ. ಗಾಳಿ ಆಡಲಿ, ಸಾಧ್ಯವಾದರೆ ಫ್ಯಾನ್ ಇಡಿ. ಪೂರ್ತಿ ಒಣಗದೆ ಮೇಲೆ ಬಣ್ಣವೋ ಅಂಟುಪಟ್ಟಿಯೋ ಹಾಕಿದರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಕತ್ತರಿಸಿದ ಅಂಚುಗಳಿಗೆ ವಾರ್ನಿಶ್ ಹೊಡೆಯಿರಿ. ಪ್ಲೈವುಡ್ ನೀರು ಕುಡಿಯುವುದು ಹೆಚ್ಚಾಗಿ ಅಂಚಿನಿಂದಲೇ. ಪದರ ಬಿಟ್ಟುಕೊಂಡ ಭಾಗ ಮಾತ್ರ ಮತ್ತೆ ಕೂರುವುದಿಲ್ಲ, ಅಷ್ಟನ್ನು ಬದಲಿಸಬೇಕಾಗುತ್ತದೆ.

ಪಾನಾಪೆಟ್ಟಿಗೆ:
ಮೇಲಿನ ತೋಳು ಚೆನ್ನಾಗಿದ್ದರೆ ಬದಲಿಸಬೇಡಿ. ಅದನ್ನೂ ಕಳಚಿ ಅದೇ ನಲ್ಲಿ ಪರೀಕ್ಷೆ ಮಾಡಿ. ಬೆಸುಗೆ ಒಣಗಿಯೇ ಇದ್ದರೆ ತೂತುಗಳನ್ನು ಕಡ್ಡಿಯಿಂದ ಚೊಕ್ಕ ಮಾಡಿ ವಾಪಸ್ ಹಾಕಿ. ಮೊಳೆ, ಸೂಜಿ ಬೇಡ, ತೂತು ದೊಡ್ಡದಾದರೆ ಧಾರೆಯ ಜೋರು ಹೋಗುತ್ತದೆ. ನಿಮ್ಮ ಹಳೆಯ ತೋಳಿನಲ್ಲಿ ಅಷ್ಟು ಸುಣ್ಣ ಇತ್ತು ಅಂದರೆ ನೀರು ಗಡುಸು. ಉಪ್ಪಿನ ಡಬ್ಬಿ ಇದ್ದರೆ ಖಾಲಿ ಬಿಡಬೇಡಿ. ನೀರಿನ ಗಡಸುತನದ ಸೆಟ್ಟಿಂಗ್ ಎಷ್ಟಕ್ಕಿದೆ ಅಂತ ಕೈಪಿಡಿ ಹಿಡಿದು ಒಮ್ಮೆ ನೋಡಿಕೊಳ್ಳಿ.

ಕಿಟಕಿ:
ವಾಷರ್ ಬದಲಿಸಿ ಕಾಲು ಸುತ್ತು ಬಿಗಿ ಮಾಡಿದೆ. ಬೆಳಗ್ಗೆಯಿಂದ ಟಿಶ್ಯೂ ಸುತ್ತಿಟ್ಟಿದ್ದೇನೆ, ಇನ್ನೂ ಒಣಗಿಯೇ ಇದೆ. ಪೈಪು ಕತ್ತರಿಸಲಿಲ್ಲ.